ಡಚ್ ಜೋಡುಪದಗಳು: ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಬೇಕು?

ಐಂಡ್‌ಹೋವನ್_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ನೆದರ್ಲೆಂಡ್ಸ್‌ನಲ್ಲಿ ಡಚ್ ಕಲಿತವರು, ಕಲಿಯುತ್ತಿರುವವರು ಸ್ವಲ್ಪ ಸಹಾಯ ಮಾಡಿ. ಎ2 ಮಾತಿನ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಬಿಡಿ ಪದಗಳಿಂದ ತೊಂದರೆ ಇಲ್ಲ. ಎರಡು ಮೂರು ಪದ ಅಂಟಿಸಿ ಒಂದೇ ಉದ್ದ ಪದ ಮಾಡುತ್ತಾರಲ್ಲ, ಅಲ್ಲಿ ಬಾಯಿ ತಡವರಿಸುತ್ತದೆ. ಅದರಲ್ಲೂ ಒಳಗೊಂದು ಫ್ರೆಂಚ್ ಪದವೋ ಲ್ಯಾಟಿನ್ ಪದವೋ ಸೇರಿಕೊಂಡಿದ್ದರೆ ಕೇಳಲೇಬೇಡಿ.

ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಜೋಡುಪದದಲ್ಲಿ ಕ್ಲೆಮ್‌ಟೋನ್ (ಒತ್ತು) ಮೊದಲ ಪದದ ಮೇಲೆ. ಹಾಗಾದರೆ ಆಫೀಸ್ ಕಟ್ಟಡಕ್ಕೆ 'ಕನ್-ಟೋರ್-ಖೆ-ಬೌ ಎನ್ನಬೇಕಲ್ವಾ? ಇಲ್ಲವಂತೆ, ಕನ್-'ಟೋರ್-ಖೆ-ಬೌ ಅಂತೆ. ಯಾಕೆ? ಒತ್ತು ಬೀಳುವ ಕಡೆ ಮುಂದೆ ಒಂದು ' ಹಾಕಿದ್ದೇನೆ, ನೀವೂ ಹಾಗೇ ಹಾಕಿದರೆ ಎಲ್ಲರಿಗೂ ಓದಲು ಸುಲಭ.

ಇನ್ನೊಂದು ಪ್ರಶ್ನೆ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಇಂಥ ಪದವನ್ನು ಎಲ್ಲಿ ಮುರಿಯಬೇಕು?

ಲೈಡನ್_ಲಿಪಿ
ನಿಯಮ ಸರಿಯಾಗಿದೆ, ಅರ್ಧಕ್ಕೇ ನಿಲ್ಲಿಸಿದ್ದಾರೆ ಅಷ್ಟೆ. ಒತ್ತು ಮೊದಲ *ಪದದ* ಮೇಲೆ, ಮೊದಲ *ಸಿಲಬಲ್* ಮೇಲಲ್ಲ. ಆ ಮೊದಲ ಪದ ಒಂಟಿಯಾಗಿದ್ದಾಗ ಎಲ್ಲಿ ಒತ್ತು ಇತ್ತೋ ಅಲ್ಲೇ ಉಳಿಯುತ್ತದೆ. ಕನ್-'ಟೋರ್ ಫ್ರೆಂಚಿನಿಂದ ಬಂದದ್ದು, ಒತ್ತು ಕೊನೆಯಲ್ಲಿ. ಹಾಗಾಗಿ ಕನ್-'ಟೋರ್-ಖೆ-ಬೌ. ಉಡುಗೊರೆ ಕೂಪನ್ ಕಾ-'ಡೋ-ಬೊನ್. ಪೊಲೀಸ್ ಠಾಣೆ ಪೋ-'ಲಿ-ಟ್ಸಿ-ಬ್ಯು-ರೋ.

ಡಚ್ಚಿನ ಸ್ವಂತ ಪದಗಳಲ್ಲಿ ಒತ್ತು ಹೆಚ್ಚಾಗಿ ಮೊದಲಿಗೇ ಬೀಳುತ್ತದೆ. ಅದಕ್ಕೇ 'ಮೂ-ಡರ್ (ತಾಯಿ), 'ವಾಟರ್ ಇಂಥವುಗಳಲ್ಲಿ ಗೊಂದಲ ಬರುವುದಿಲ್ಲ. ಹೊರಗಿನಿಂದ ಬಂದ ಪದ ತನ್ನ ಒತ್ತನ್ನು ಜೊತೆಗೇ ತಂದಿರುತ್ತದೆ. ಮ್ಯು-'ಜೀಕ್, ಸ್ಟ್ಯು-'ಡೆಂಟ್, ಫಾ-'ಬ್ರೀಕ್, ಯು-ನಿ-ವರ್-ಸಿ-'ಟೈಟ್, ಎಲ್ಲ ಕೊನೆಗೆ.

ಹಾಸನದ_ಹೈದ
ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಎಲ್ಲಿ ಒತ್ತಿದರೂ ಡಚ್ಚರಿಗೆ ಅರ್ಥವಾಗುತ್ತದೆ. ವ್ಯಾಕರಣ ಸರಿ ಇದ್ದರೆ ಸಾಕು. ಪರೀಕ್ಷೆಯಲ್ಲಿ ಯಾರೂ ಕ್ಲೆಮ್‌ಟೋನ್‌ಗೆ ಮಾರ್ಕ್ಸ್ ಕಳೆಯುವುದಿಲ್ಲ.

ನೈಮೇಖನ್_ನದಿತೀರ
@ಹಾಸನದ_ಹೈದ ಇದನ್ನು ನಾನು ಒಪ್ಪುವುದಿಲ್ಲ. ಡಚ್ಚರು ಒತ್ತನ್ನು ಕೇಳಿಯೇ ಪದ ಗುರುತಿಸುತ್ತಾರೆ. ನಮ್ಮೂರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಆನ್ ಕಟ್ಲರ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಅವರ ತಂಡದ ಒಂದು ಪ್ರಯೋಗದಲ್ಲಿ 'ಒಕ್-ಟೋ-ಪಸ್ (ಎಂಟು ಕಾಲಿನ ಸಮುದ್ರಪ್ರಾಣಿ) ಮತ್ತು ಒಕ್-'ಟೋ-ಬರ್ (ತಿಂಗಳು) ಪದಗಳನ್ನು ಬಳಸಿದ್ದರು. ಎರಡೂ ಹೊರಗಿನಿಂದ ಬಂದ ಪದಗಳೇ. ಮೊದಲ ಎರಡು ಸಿಲಬಲ್ ಒಂದೇ, ಒತ್ತು ಮಾತ್ರ ಬೇರೆ. 'ಒಕ್ಟೋ' ಅನ್ನುವಷ್ಟರಲ್ಲೇ ಕೇಳುಗರ ಮನಸ್ಸು ಸರಿಯಾದ ಪದದ ಕಡೆ ವಾಲುತ್ತದೆ, ತಪ್ಪು ಪದ ಹಿಂದೆ ಸರಿಯುತ್ತದೆ. ಇಂಗ್ಲಿಷ್ ಮಾತಾಡುವವರು ಒತ್ತನ್ನು ಇಷ್ಟು ನೆಚ್ಚಿಕೊಳ್ಳುವುದಿಲ್ಲ.

ನಾವು ತಪ್ಪು ಕಡೆ ಒತ್ತಿದರೆ ಅವರು ಬೇರೆ ಪದದ ದಾರಿ ಹಿಡಿದುಬಿಟ್ಟಿರುತ್ತಾರೆ. ಆಮೇಲೆ ವಾಪಸ್ ಬರಬೇಕು. ಆ ಅರೆಗಳಿಗೆಯಲ್ಲೇ ಅವರು ಇಂಗ್ಲಿಷಿಗೆ ತಿರುಗುವುದು.

ಹಾಸನದ_ಹೈದ
ಇಂಗ್ಲಿಷಿಗೆ ತಿರುಗುವುದು ನಮ್ಮ ಮುಖ ನೋಡಿ ರೀ, ಒತ್ತು ಕೇಳಿ ಅಲ್ಲ.

ಮೇಲ್ಸೇತುವೆ
ಫೋನಿನಲ್ಲೂ ತಿರುಗುತ್ತಾರಲ್ಲ, ಅಲ್ಲಿ ಮುಖ ಎಲ್ಲಿದೆ?

ಆಮ್‌ಸ್ಟೆಲ್_ದಂಡೆ
ಒಂದೇ ಜಾಗದಲ್ಲಿ ನಿಂತು ಈ ಪಾಠ ಪೂರ್ತಿ ಕಲಿಯಬಹುದು. ಆಮ್‌ಸ್ಟರ್‌ಡ್ಯಾಮಿನ ಮ್ಯು-'ಜೇ-ಯುಮ್-ಪ್ಲೈನ್ ಮೈದಾನಕ್ಕೆ ಹೋಗಿ. ಹೆಸರಿನ ಮೊದಲ ಭಾಗ ಮ್ಯುಸಿಯಂ, ಲ್ಯಾಟಿನ್ ಮೂಲದ್ದು, ಒತ್ತು ನಡುವೆ 'ಜೇ ಮೇಲೆ. ಅದು ಮೊದಲ ಪದ ಆದ್ದರಿಂದ ಇಡೀ ಹೆಸರಿನ ಒತ್ತೂ ಅಲ್ಲೇ.

ಒಂದು ತುದಿಯಲ್ಲಿ 'ರೈಕ್ಸ್-ಮ್ಯು-ಜೇ-ಯುಮ್ ಇದೆ. ಅದೇ ಮ್ಯುಸಿಯಂ ಇಲ್ಲಿ ಎರಡನೇ ಪದ. ಹಾಗಾಗಿ ದೊಡ್ಡ ಒತ್ತು ರೈಕ್ಸ್‌ಗೆ ಹೋಯಿತು. ಜೇ ಮೇಲೆ ಸಣ್ಣ ಒತ್ತು ಉಳಿಯುತ್ತದೆ, ಪೂರ್ತಿ ಸಾಯುವುದಿಲ್ಲ. ಇನ್ನೊಂದು ತುದಿಗೆ ರಸ್ತೆ ದಾಟಿದರೆ ಕೊನ್-'ಸೆರ್ಟ್-ಖೆ-ಬೌ, ಸಂಗೀತ ಕಚೇರಿಯ ಕಟ್ಟಡ. ಕೊನ್-'ಸೆರ್ಟ್ ಫ್ರೆಂಚಿನಿಂದ ಬಂದದ್ದು. ಕಟ್ಟಡಕ್ಕೆ ಅವರದೇ ಪದ, ಖೆ-'ಬೌ.

ಅಲ್ಲೇ ಪಕ್ಕದಲ್ಲಿ ಸ್ಟೇಡೆಲಕ್ ಮ್ಯು-'ಜೇ-ಯುಮ್ ಇದೆ. ಅದು ಜೋಡುಪದವೇ ಅಲ್ಲ. ಎರಡು ಬಿಡಿ ಪದ, ನಡುವೆ ಜಾಗ ಬಿಟ್ಟು ಬರೆಯುತ್ತಾರೆ. ಹಾಗಾಗಿ ದೊಡ್ಡ ಒತ್ತು ಕೊನೆಯ ಪದಕ್ಕೇ. ಒಂದೇ ಪದ ಮೂರು ಹೆಸರಿನಲ್ಲಿದೆ, ಮೂರರಲ್ಲೂ ಅದರ ಸ್ಥಾನಮಾನ ಬೇರೆ. ಇದನ್ನು ನಾನು ಬಂದ ನೆಂಟರಿಗೆಲ್ಲ ಹೇಳುತ್ತೇನೆ.

ಐಂಡ್‌ಹೋವನ್_ಮಲ್ಲಿಗೆ
@ಆಮ್‌ಸ್ಟೆಲ್_ದಂಡೆ ಅಕ್ಕಾ, ಇದು ಮನಸ್ಸಿಗೆ ಹತ್ತಿತು. ಥ್ಯಾಂಕ್ಸ್. ಹಾಗಾದರೆ ಇನ್‌ಬರ್ಖೆರಿಂಗ್ಸ್‌ಎಕ್ಸಾಮನ್ (ಹೊರಗಿನಿಂದ ಬಂದು ಇಲ್ಲಿ ನೆಲೆಸುವವರು ಬರೆಯುವ ಪರೀಕ್ಷೆ)? ಎಕ್-'ಸಾ-ಮನ್ ಒಂಟಿಯಾಗಿದ್ದಾಗ ನಡುವೆ ಒತ್ತು ಅಂತ ಗೊತ್ತು.

ಆಮ್‌ಸ್ಟೆಲ್_ದಂಡೆ
ಅದು ರೈಕ್ಸ್‌ಮ್ಯುಜೇಯುಮ್ ಥರಾನೇ. ಪರೀಕ್ಷೆ ಎರಡನೇ ಭಾಗ, ಆದ್ದರಿಂದ ದೊಡ್ಡ ಒತ್ತು 'ಇನ್ ಮೇಲೆ. ಸಾ ಮೇಲೆ ಸಣ್ಣದು.

ಲೈಡನ್_ಲಿಪಿ
ಎರಡೂ ಭಾಗ ಹೊರಗಿನವೇ ಆದರೂ ಲೆಕ್ಕ ಅದೇ. ನಮ್ಮೂರಿನ ವಿಶ್ವವಿದ್ಯಾಲಯ 1575ರದ್ದು, ಅದರ ಗ್ರಂಥಾಲಯಕ್ಕೆ ಯು-ನಿ-ವರ್-ಸಿ-'ಟೈಟ್ಸ್-ಬಿ-ಬ್ಲಿ-ಓ-ಟೇಕ್ ಎನ್ನುತ್ತಾರೆ. 9 ಸಿಲಬಲ್, ದೊಡ್ಡ ಒತ್ತು ಐದನೆಯದರ ಮೇಲೆ. ನಡುವೆ ಸೇರಿದ ಸ್ ಗಮನಿಸಿ. ಅದು ಎರಡು ಪದಗಳನ್ನು ಬೆಸೆಯುವ ಅಕ್ಷರ, ಯಾವಾಗಲೂ ಮೊದಲ ಭಾಗಕ್ಕೇ ಸೇರುತ್ತದೆ. ಸಾಲಿನ ಕೊನೆಯಲ್ಲಿ ಮುರಿದರೂ ಸ್ ಮೇಲಿನ ಸಾಲಿನಲ್ಲೇ ಇರಬೇಕು.

ಮಲ್ಲಿಗೆ ಅವರ ಎರಡನೇ ಪ್ರಶ್ನೆಗೂ ಇದೇ ಉತ್ತರ. ಮೊದಲು ಬೆಸುಗೆ ಹುಡುಕಿ, ಅಲ್ಲಿ ಮುರಿಯಿರಿ. ಅದು ಆಗದಿದ್ದರೆ ಆಯಾ ಭಾಗದ ಒಳಗೆ ಮಾಮೂಲಿ ನಿಯಮ. ಬೆಸುಗೆ ಸಿಕ್ಕಿತೆಂದರೆ ಒತ್ತೂ ಸಿಕ್ಕಿತು, ಮುರಿಯುವ ಜಾಗವೂ ಸಿಕ್ಕಿತು.

ಕೋಡು_ಬರಹ
ಬೆಸುಗೆ ಹುಡುಕಿ ಅನ್ನುವುದು ಸುಲಭ. ಹುಡುಕುವುದೇ ಕಷ್ಟ. ಡಚ್ಚರೇ ಆಟಕ್ಕೆ ಬಳಸುವ ಎರಡು ಪದ ಹೇಳುತ್ತೇನೆ, ಎರಡರಲ್ಲೂ ಹೊರಗಿನ ಪದ ಇದೆ.

ಮೊದಲನೆಯದು ಕೆರ್ಸ್‌ಟೋಮಾಟ್ಯೆಸ್. ಕೆರ್ಸ್ + ಟೋಮಾಟ್ಯೆಸ್ ಎಂದು ಒಡೆದರೆ ಚಿಕ್ಕ ಚಿಕ್ಕ ಚೆರ್ರಿ ಟೊಮೇಟೊ. ಕೆರ್ಸ್ಟ್ + ಓಮಾಟ್ಯೆಸ್ ಎಂದು ಒಡೆದರೆ ಕ್ರಿಸ್ಮಸ್ ಅಜ್ಜಿಯರು! ಬರವಣಿಗೆಯಲ್ಲಿ ಒಂದಕ್ಷರವೂ ವ್ಯತ್ಯಾಸ ಇಲ್ಲ. ದೊಡ್ಡ ಒತ್ತು ಎರಡರಲ್ಲೂ ಮೊದಲಿಗೇ. ಸಣ್ಣ ಒತ್ತು ಮಾತ್ರ ಬೇರೆ. ಟೊಮೇಟೊ ಆದರೆ ಟೋ-'ಮಾಟ್, ಅಜ್ಜಿ ಆದರೆ 'ಓ-ಮಾ.

ಎರಡನೆಯದು ಇನ್ನೂ ಚೆನ್ನಾಗಿದೆ. ಮಸಾಜ್ ಮಾಡುವ ಮಂಚ ಮ-'ಸಾ-ಝೆ-ಬೆಟ್. ಫ್ರೆಂಚಿನ ಮಸಾಜ್ ಆದ್ದರಿಂದ ಒತ್ತು 'ಸಾ ಮೇಲೆ, ಮುಂದಿನ ಅಕ್ಷರ ಝೆ. ಅದೇ ಕಾಗುಣಿತವನ್ನು ಮಸಾ + ಖೆಬೆಟ್ ಎಂದು ಓದಿದರೆ 'ಮ-ಸಾ-ಖೆ-ಬೆಟ್, ಅಂದರೆ ಸಾಮೂಹಿಕ ಪ್ರಾರ್ಥನೆ. ಬೆಸುಗೆ ಒಂದು ಮನೆ ಆಚೆ ಸರಿದದ್ದಕ್ಕೆ ಒತ್ತೂ ಬದಲಾಯಿತು, ಝೆ ಹೋಗಿ ಖೆ ಬಂತು.

ಮೇಲ್ಸೇತುವೆ
ಕ್ರಿಸ್ಮಸ್ ಅಜ್ಜಿಯರು ಸೂಪರ್. ಇವತ್ತೇ ಆಫೀಸಿನಲ್ಲಿ ಕೇಳುತ್ತೇನೆ.

ಗಂಗೋತ್ರಿ_ಗದ್ದೆ
ಕನ್ನಡ ಮೇಷ್ಟ್ರಾಗಿದ್ದವನು, ಈಗ ಮಗಳ ಮನೆಯಲ್ಲಿ ಫೆಲ್ಟ್‌ಹೋವನ್‌ನಲ್ಲಿದ್ದೇನೆ. ನಿಮ್ಮ ಮಾತು ಓದುತ್ತಾ ಸಂಧಿ ನೆನಪಾಯಿತು.

ಡಚ್ಚಿನಲ್ಲಿ ಕರವಸ್ತ್ರಕ್ಕೆ ಜಕ್ + ಡುಕ್. ಬರೆಯುವುದು ಕ್, ಆದರೆ ಬಾಯಲ್ಲಿ ಜಗ್-ಡುಕ್ ಆಗುತ್ತದೆ. ನಮ್ಮ ವಾಕ್ + ದೇವಿ = ವಾಗ್ದೇವಿ. ಜಶ್ತ್ವ ಸಂಧಿ! ಇಷ್ಟರವರೆಗೆ ನಮ್ಮದೇ ಮನೆ.

ಮುಂದೆ ಸ್ವರ ಬಂದಾಗ ಅವರು ಉಲ್ಟಾ ಹೋಗುತ್ತಾರೆ. ವಾಕ್ + ಈಶ ನಮ್ಮಲ್ಲಿ ವಾಗೀಶ. ಅಲ್ಲೂ ಕಕಾರ ಗಕಾರವಾಗುತ್ತದೆ, ಎರಡು ಪದ ಕೂಡಿ ಒಂದಾಗುತ್ತವೆ. ಹಲ್ಲಿನ ಡಾಕ್ಟರಿಗೆ ಅವರು ಬರೆಯುವುದು ಟಂಡ್ + ಅರ್ಟ್ಸ್. ನಾವು ಟಂಡಾರ್ಟ್ಸ್ ಎಂದು ಕೂಡಿಸಿಬಿಡುತ್ತೇವೆ. ಅವರು 'ಟಂಟ್-ಅರ್ಟ್ಸ್ ಎನ್ನುತ್ತಾರೆ. ಮೊದಲ ಪದ ಮುಗಿಯಿತು ಎನ್ನುವುದಕ್ಕೆ ಡ್ ಅನ್ನು ಟ್ ಮಾಡಿ ಅಲ್ಲೇ ಬಾಗಿಲು ಮುಚ್ಚುತ್ತಾರೆ. ಪದದ ಕೊನೆಯ ಡ್, ಬ್‌ಗಳು ಅವರ ಬಾಯಲ್ಲಿ ಟ್, ಪ್ ಆಗುತ್ತವೆ. ಜೋಡುಪದದ ಒಳಗೂ ಆ ನಿಯಮ ಬಿಡುವುದಿಲ್ಲ. ಐಂಡ್‌ಹೋವನ್ ಎಂದು ನಾವು ಬರೆಯುವ ಊರು ಅವರ ಬಾಯಲ್ಲಿ ಐಂಟ್-ಹೋವನ್. ನಮ್ಮ ಊರನ್ನೂ ಕಾಗುಣಿತ ನೋಡಿದರೆ ಫೆಲ್ಡ್ ಎಂದೇ ಬರೆಯಬೇಕು, ಆದರೆ ಕಿವಿಗೆ ಕೇಳುವುದು ಫೆಲ್ಟ್.

ಈ ಟ್ ಕೇಳಿಸಿತೆಂದರೆ ಬೆಸುಗೆ ಅಲ್ಲೇ ಇದೆ ಎಂದು ಅರ್ಥ. ಮಗಳಿಗೆ ಇದನ್ನೇ ಹೇಳಿಕೊಟ್ಟೆ.

ಲೈಡನ್_ಲಿಪಿ
ಮೇಷ್ಟ್ರೇ, ನಮಸ್ಕಾರ. ಇದು ನಮ್ಮ ಭಾಷಾ ಕ್ಲಾಸಿನಲ್ಲೂ ಬರಲಿಲ್ಲ.

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಡಚ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಉರು ಹೊಡೆಯುವವರು ಬಹಳ. ಕನ್ನಡ ಅಕ್ಷರ ವ್ಯಂಜನವನ್ನು ಮುಂದಿನ ಸ್ವರಕ್ಕೆ ಅಂಟಿಸಿಯೇ ಬರೆಯುತ್ತದೆ. 'ಡಾ' ಎಂದು ಬರೆದ ಮೇಲೆ ಡ್ ಮತ್ತು ಆ ನಡುವಿನ ಬೆಸುಗೆ ಕಣ್ಣಿಗೆ ಕಾಣುವುದಿಲ್ಲ. ದಯವಿಟ್ಟು ಅಡ್ಡಗೆರೆ ಹಾಕಿ ಬರೆದುಕೊಳ್ಳಿ. ಮಲ್ಲಿಗೆ ಅವರು ಶುರುವಿನಲ್ಲೇ ಹಾಗೆ ಮಾಡಿದ್ದು ಒಳ್ಳೆಯದಾಯಿತು.

ಹಾಸನದ_ಹೈದ
ಆಯ್ತು, ನಿಯಮ ನಿಯಮ ಅಂತೀರಲ್ಲ. ಸ್ಟಟ್-'ಹೌಯ್ಸ್ ಹೇಗೆ? ನಗರಸಭೆ ಕಟ್ಟಡ. ಸ್ಟಡ್ ಮೊದಲ ಪದ, ಹೌಯ್ಸ್ ಎರಡನೆಯದು. ಎರಡೂ ಅಪ್ಪಟ ಡಚ್. ಒತ್ತು ಮಾತ್ರ ಎರಡನೆಯದರ ಮೇಲೆ. ಬರ್-ಖೆ-'ಮೇಸ್-ಟರ್ (ಮೇಯರ್) ಕೂಡ ಹಾಗೇ. ಚಳಿಗಾಲದಲ್ಲಿ ಆಲೂಗಡ್ಡೆ ಜೊತೆ ಕಲಸಿ ತಿನ್ನುತ್ತಾರಲ್ಲ ಆ ಸೊಪ್ಪು, ಬೂ-ರೆನ್-'ಕೋಲ್, ಅದೂ ಹಾಗೇ. ಎಲ್ಲಿ ಹೋಯಿತು ನಿಮ್ಮ ನಿಯಮ?

ಲೈಡನ್_ಲಿಪಿ
ನೀವು ಹೇಳಿದ ಮೂರೂ ನಿಜ. ಅವು ಅಪವಾದಗಳು, ಹಾಗೇ ನೆನಪಿಟ್ಟುಕೊಳ್ಳಬೇಕು. ಆದರೆ ಆಫೀಸಿಗೆ ಹೋಗಿಬರುವಷ್ಟರಲ್ಲಿ ಕಿವಿಗೆ ಬೀಳುವ ಜೋಡುಪದಗಳಲ್ಲಿ ಬಹುಪಾಲು ನಿಯಮದಂತೆಯೇ ಇರುತ್ತವೆ. ಹೊಸದಾಗಿ ಹುಟ್ಟುವ ಪದಗಳೂ ನಿಯಮದಂತೆಯೇ ಹುಟ್ಟುತ್ತವೆ. ಕೊಮ್-'ಪ್ಯು-ಟರ್ ಬಂದ ಕೂಡಲೇ ಕೊಮ್-'ಪ್ಯು-ಟರ್-ವಿಂಕೆಲ್ ಬಂತು.

ಬೂದಿಗುಂಬಳ
ಒತ್ತು ಬದಲಾಗುವ ಇನ್ನೊಂದು ಸಂದರ್ಭ ಇದೆ, ಬಾಲ ಸೇರಿಸಿದಾಗ. 'ಆನ್-ಡಖ್ಟ್ (ಗಮನ) ಪದಕ್ಕೆ -ಇಗ್ ಸೇರಿಸಿ ಗುಣವಾಚಕ ಮಾಡಿದರೆ ಆನ್-'ಡಖ್-ಟಖ್. 'ವೇ-ಟೆನ್-ಸ್ಖಪ್ (ವಿಜ್ಞಾನ) ಪದಕ್ಕೆ ಬಾಲ ಬಂದರೆ ವೇ-ಟೆನ್-'ಸ್ಖ-ಪೆ-ಲಕ್. ಹೊರಗಿನ ಪದಗಳಲ್ಲೂ ಇದೆ. ಪ್ರೋ-'ಫೆ-ಸರ್ ಒಬ್ಬರು, ಪ್ರೋ-ಫೆ-'ಸೋ-ರೆನ್ ಹಲವರು.

ಐಂಡ್‌ಹೋವನ್_ಮಲ್ಲಿಗೆ
ಬಹುವಚನಕ್ಕೂ ಒತ್ತು ಸರಿಯುತ್ತದಾ? ಇದು ಗೊತ್ತಿರಲಿಲ್ಲ.

ಗೆಂಟ್_ಗಾಳಿ
ಬೆಲ್ಜಿಯಂ ಕಡೆಯಿಂದ ನಾನೊಬ್ಬ. ನೀವು ಟ್ರ್ಯಾಮ್‌ಗೆ ಟ್ರೆಮ್ ಎನ್ನುತ್ತೀರಿ, ಫ್ಲಾಂಡರ್ಸ್‌ನಲ್ಲಿ ಟ್ರಮ್. ಟ್ರ್ಯಾಮ್ ನಿಲ್ದಾಣ ಅಲ್ಲಿ 'ಟ್ರೆಮ್-ಹಲ್ಟೆ, ಇಲ್ಲಿ 'ಟ್ರಮ್-ಹಲ್ಟೆ. ಸ್ವರ ಬೇರೆಯಾದರೂ ಒತ್ತು ಒಂದೇ ಕಡೆ. ಕಾಗುಣಿತ ಎರಡೂ ದೇಶಕ್ಕೆ ಒಂದೇ. ಅದನ್ನು ನೋಡಿಕೊಳ್ಳುವ ಟಾಲ್‌ಯುನಿ ಸಂಸ್ಥೆಯನ್ನು 1980ರಲ್ಲಿ ಎರಡೂ ಕಡೆಯವರು ಸೇರಿ ಕಟ್ಟಿದರು. 2004ರಲ್ಲಿ ಸುರಿನಾಮ್ ಕೂಡ ಸೇರಿಕೊಂಡಿತು.

ಬೂದಿಗುಂಬಳ
ಸುರಿನಾಮ್‌ನಲ್ಲಿ ಭಾರತದಿಂದ ಹೋದವರ ವಂಶದವರೂ ಡಚ್ ಮಾತಾಡುತ್ತಾರಲ್ಲ. ಹೇಗ್‌ನಲ್ಲಿ ನಮ್ಮ ಪಕ್ಕದ ಮನೆಯವರು ಸುರಿನಾಮ್‌ನವರೇ. ಅವರ ಮನೆ ರೋಟಿ ತಿಂದವರಿಗೇ ಗೊತ್ತು. ಅವರದು ಹುಟ್ಟು ಡಚ್, ಕಿವಿಗೆ ತುಂಬಾ ಹಿತ.

ಮೇಲ್ಸೇತುವೆ
ರೋಟಿ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ ಮೇಡಂ, ನಾನು ಬರುತ್ತೇನೆ.

ಕೋಡು_ಬರಹ
ಕಾಗುಣಿತದ ಮಾತು ಬಂತಲ್ಲ. ಬೆಸುಗೆಯಲ್ಲಿ ಎರಡು ಸ್ವರ ಒಂದರ ಪಕ್ಕ ಒಂದು ಬಂದರೆ ಓದುವವರು ತಪ್ಪಾಗಿ ಕೂಡಿಸಿ ಓದಬಹುದು. ಅದಕ್ಕೆ ಜೋಡುಪದದಲ್ಲಿ ಅಡ್ಡಗೆರೆ ಹಾಕುತ್ತಾರೆ. ವಾಹನ ಅಪಘಾತಕ್ಕೆ ಔಟೋ-ಒನ್‌ಖೆಲುಕ್. ಎರಡು ಓ ಅಂಟಿದರೆ ಒಂದೇ ದೀರ್ಘ ಸ್ವರ ಎಂದು ಓದುವ ಅಪಾಯ ಇದೆ. ಒಂದೇ ಪದದ ಒಳಗಾದರೆ ಅಡ್ಡಗೆರೆ ಇಲ್ಲ, ಸ್ವರದ ಮೇಲೆ ಎರಡು ಚುಕ್ಕಿ. ಕೋಆರ್ಡಿನಾಟ್ಸಿ ಪದದಲ್ಲಿ ಎರಡನೇ ಓ ಮೇಲೆ ಚುಕ್ಕಿ ಬರುತ್ತದೆ. 1995ರ ಕಾಗುಣಿತ ಬದಲಾವಣೆಗೆ ಮೊದಲು ಜೋಡುಪದಕ್ಕೂ ಚುಕ್ಕಿ ಇಡುತ್ತಿದ್ದರು. ಜೇ-ಏಂಟ್ ಎಂಬ ಕಡಲ ಬಾತುಕೋಳಿಗೆ ಆಗ ಚುಕ್ಕಿ, ಈಗ ಅಡ್ಡಗೆರೆ.

ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ಸಾಲು ಮುಗಿದು 'ಕೋ' ಆದ ಮೇಲೆ ಮುರಿದರೆ ಮುಂದಿನ ಸಾಲಿನಲ್ಲಿ ಚುಕ್ಕಿ ಹಾಕುವುದಿಲ್ಲ. ಮುರಿದ ಜಾಗವೇ ಕೆಲಸ ಮಾಡಿತಲ್ಲ, ಚುಕ್ಕಿ ಯಾಕೆ? ಪುಟ್ಟ ಕಾರು, ಅಂದರೆ ಔಟೋಟ್ಯೆ ಬರೆಯುವಾಗ ಎರಡು ಓ ಇರುತ್ತವೆ. ಔಟೋ-ಟ್ಯೆ ಎಂದು ಮುರಿದರೆ ಒಂದು ಓ ಬಿದ್ದುಹೋಗುತ್ತದೆ. ಹೊರಗಿನಿಂದ ಬಂದ ಪದ ತನ್ನ ಮೂಲ ಕಾಗುಣಿತಕ್ಕೆ ಮರಳುತ್ತದೆ.

ಕಂಪ್ಯೂಟರಿಗೆ ಇದೆಲ್ಲ ಕಲಿಸುವುದು ಕಷ್ಟ. 1983ರಲ್ಲಿ ಸ್ಟ್ಯಾನ್‌ಫರ್ಡ್‌ನ ಫ್ರಾಂಕ್ ಲಿಯಾಂಗ್ ಕೊಟ್ಟ ವಿಧಾನ ಇವತ್ತಿಗೂ ನಡೆಯುತ್ತಿದೆ. ಪದಪಟ್ಟಿ ನೋಡಿ ಅಕ್ಷರಗಳ ಗುಂಪುಗಳಿಂದ ಮುರಿಯುವ ಜಾಗ ಕಂಡುಕೊಳ್ಳುವ ಕ್ರಮ ಅದು. ಅರ್ಥ ಅದಕ್ಕೆ ಗೊತ್ತಾಗುವುದಿಲ್ಲ. ಟೊಮೇಟೊ ಯಾವುದು, ಅಜ್ಜಿ ಯಾರು ಎಂದು ಅದು ಹೇಗೆ ಹೇಳೀತು? ನಾನು ಒಂದು ವಿಮಾ ಆ್ಯಪ್‌ಗೆ ಕೆಲಸ ಮಾಡುವಾಗ ದುಡಿಯಲಾಗದವರ ವಿಮೆಗೆ ಇರುವ ಪದ ಫೋನ್ ಪರದೆಯಲ್ಲಿ ಹಿಡಿಸುತ್ತಲೇ ಇರಲಿಲ್ಲ. 33 ಅಕ್ಷರದ ಪದ. ಅರ್-ಬೈಟ್ಸ್ | ಒನ್-ಖೆ-ಸ್ಖಿಕ್ಟ್-ಹೈಟ್ಸ್ | ಫರ್-ಜೇ-ಕೆ-ರಿಂಗ್. ಎರಡು ಬೆಸುಗೆಯಲ್ಲೂ ಕೈಯಾರೆ ಕಾಣದ ಅಡ್ಡಗೆರೆ ತುರುಕಿದ ಮೇಲೆ ಸರಿಯಾಗಿ ಮುರಿಯಿತು.

ಐಂಡ್‌ಹೋವನ್_ಮಲ್ಲಿಗೆ
ಬರವಣಿಗೆ ಪರೀಕ್ಷೆಯಲ್ಲೂ ನಾನು ಹೀಗೆ ಮುರಿಯಲೇಬೇಕಾ?

ಗೆಂಟ್_ಗಾಳಿ
ಬೇಡವೇ ಬೇಡ. ಜಾಗ ಸಾಲದಿದ್ದರೆ ಇಡೀ ಪದವನ್ನು ಮುಂದಿನ ಸಾಲಿಗೆ ತನ್ನಿ. ಮುರಿಯಬೇಕೆಂಬ ಕಡ್ಡಾಯ ಎಲ್ಲೂ ಇಲ್ಲ. ಜಾಗ ಬಿಟ್ಟು ಬಿಡಿಸಿ ಬರೆಯಬೇಡಿ ಅಷ್ಟೆ. ಡಚ್ಚರು ಅದಕ್ಕೆ 'ಇಂಗ್ಲಿಷ್ ಕಾಯಿಲೆ' ಎನ್ನುತ್ತಾರೆ. ಅರ್ಥವೂ ಕೆಡುತ್ತದೆ. ರೋಡೆ ವೈನ್‌ಗ್ಲಾಜೆನ್ ಎಂದು ಬಿಡಿಸಿದರೆ ಕೆಂಪು ಬಣ್ಣದ ಲೋಟಗಳು. ರೋಡೆವೈನ್‌ಗ್ಲಾಜೆನ್ ಎಂದು ಕೂಡಿಸಿದರೆ ಕೆಂಪು ವೈನ್ ಕುಡಿಯುವ ಲೋಟಗಳು.

ಮನೆ_ಕೊಳ್ಳುವವ
ಗೃಹಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ, ಆ ಪದ ಹೇಗೆ ಹೇಳುವುದು? ಸಾಲದ ಸಲಹೆಗಾರರ ಹತ್ತಿರ ನಾಳೆ ಮಾತಾಡಬೇಕು.

ಆಮ್‌ಸ್ಟೆಲ್_ದಂಡೆ
ಹೀ-ಪೋ-'ಟೇಕ್ | ರೆನ್-ಟೆ | ಅಫ್-ಟ್ರೆಕ್. ಮೂರು ಪದ, ಮೊದಲನೆಯದು ಗ್ರೀಕ್ ಮೂಲದ್ದು. ದೊಡ್ಡ ಒತ್ತು 'ಟೇಕ್ ಮೇಲೆ. ರೆನ್ ಮತ್ತು ಅಫ್ ಮೇಲೆ ಸಣ್ಣವು. ಟೆ ಮತ್ತು ಅಫ್ ಕೂಡಿಸಿ 'ಟಾಫ್' ಮಾಡಬೇಡಿ, ನಮ್ಮ ಲೋಪಸಂಧಿ ಅಭ್ಯಾಸ ಅಲ್ಲಿ ನುಗ್ಗುತ್ತದೆ. ಬರೆಯುವಾಗ ಅಡ್ಡಗೆರೆ ಬೇಕಿಲ್ಲ, ಆ ಎರಡು ಸ್ವರ ಕೂಡಿದರೆ ಡಚ್ಚಿನಲ್ಲಿ ಬೇರೆ ಸ್ವರ ಆಗುವುದಿಲ್ಲ.

ಮನೆ_ಕೊಳ್ಳುವವ
ಹತ್ತು ಸಲ ಹೇಳಿದೆ, ಬಂತು. ಥ್ಯಾಂಕ್ಸ್ ಮೇಡಂ.

ಹಾಸನದ_ಹೈದ
ನಿಯಮ ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ಒಪ್ಪೋಣ. ಆದರೆ ಕಲಿಯುವವರು ಮೊದಲು ಮಾತಾಡಲಿ, ಒತ್ತು ಆಮೇಲೆ ಬರಲಿ. ಒತ್ತಿನ ಹೆದರಿಕೆಗೆ ಬಾಯಿ ಮುಚ್ಚಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ನೈಮೇಖನ್_ನದಿತೀರ
ಇದಕ್ಕೆ ನನ್ನ ಪೂರ್ತಿ ಬೆಂಬಲ.

ಬೂದಿಗುಂಬಳ
ಊರಿನ ಹೆಸರುಗಳ ಕಥೆ ಯಾರೂ ಹೇಳಲಿಲ್ಲ. ಅವು ಬಹುಪಾಲು ಜೋಡುಪದಗಳೇ, ಆದರೆ ಒತ್ತು ಅತ್ತ ಇತ್ತ. ಆಮ್-ಸ್ಟರ್-'ಡಮ್, ರೊಟರ್-'ಡಮ್, ಆಮ್-ಸ್ಟೆಲ್-'ಫೇನ್, ಎನ್-ಸ್ಖೆ-'ಡೇ ಕೊನೆಗೆ ಒತ್ತು. 'ಐಂಟ್-ಹೋವನ್, 'ಯು-ಟ್ರೆಖ್ಟ್, 'ಆ-ಪೆಲ್-ಡೋರ್ನ್ ಮೊದಲಿಗೆ. ರೈಲಿನಲ್ಲಿ ಮುಂದಿನ ನಿಲ್ದಾಣ ಹೇಳುವಾಗ ಕಿವಿಗೊಟ್ಟು ಕೇಳಿ, ಬೇಗ ಹಿಡಿತಕ್ಕೆ ಬರುತ್ತದೆ.

ಐಂಡ್‌ಹೋವನ್_ಮಲ್ಲಿಗೆ
ಹಾಗಾದರೆ ಹಬ್ಬದ ಹೆಸರಿಗೆ ಏನು ಮಾಡಲಿ? ಹಳೆಯ ಪುಸ್ತಕದಲ್ಲಿ ರಾಣಿ ದಿನ ಎಂದಿದೆ, ಈಗ ರಾಜ ದಿನ.

ಲೈಡನ್_ಲಿಪಿ
2014ರಿಂದ 'ಕೋ-ನಿಂಗ್ಸ್-ಡಖ್. ಹಿಂದಿನ ವರ್ಷ ವಿಲೆಮ್-ಅಲೆಕ್ಸಾಂಡರ್ ಪಟ್ಟಕ್ಕೆ ಬಂದರಲ್ಲ, ಅದಕ್ಕೆ. ರಾಣಿ ಇದ್ದಾಗ ಕೋ-ನಿಂಗ್-'ಇ-ನೆ-ಡಖ್. ರಾಣಿ ಪದದ ಬಾಲ 'ಇನ್ ಒತ್ತನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಪರೀಕ್ಷೆಗೆ ಈಗಿನ ಹೆಸರೇ ಓದಿಕೊಳ್ಳಿ, ಒತ್ತು ಮೊದಲ ಸಿಲಬಲ್ ಮೇಲೆ.